ತುಟಿ ಅಲ್ಲಾಡಿಸದೆ ಬರೆದ ಎಂಬಿಎ: ಎರಡು ವರ್ಷದ ಅನುಭವ

ಮನೆ ಕೊಪ್ಪಳದಲ್ಲಿ. ಕೆಲಸ ಗಿಣಿಗೇರಾ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಟೈಮ್ ಆಫೀಸ್‌ನಲ್ಲಿ. ಹಾಜರಿ, ಓಟಿ, ಪಿಎಫ್ ಚಲನ್, ಗುತ್ತಿಗೆ ಲೇಬರ್‌ಗಳ ಗೇಟ್ ಪಾಸ್, ಇಷ್ಟರಲ್ಲೇ ದಿನ ಮುಗಿಯುತ್ತದೆ. ಬಿಕಾಂ ಆಗಿ ಒಂಬತ್ತು ವರ್ಷದ ಮೇಲೆ, 2024ರ ಜನವರಿ ಬ್ಯಾಚಿಗೆ ಆನ್‌ಲೈನ್ ಎಂಬಿಎ ಸೇರಿಕೊಂಡೆ. ವಿಷಯ ಎಚ್ಆರ್, ಅಂದರೆ ಸಿಬ್ಬಂದಿ ನಿರ್ವಹಣೆ. ವಿಶ್ವವಿದ್ಯಾಲಯದ ಹೆಸರು ಬೇಡ. ಸೇರುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡಿಕೊಂಡಿದ್ದೆ. ನೀವೂ ಅಷ್ಟು ಮಾಡಿ.

ಪಾಠದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಡಿಯೋಗಳು ಚೆನ್ನಾಗಿವೆ, ಲೈವ್ ಕ್ಲಾಸು ಅಷ್ಟಕ್ಕಷ್ಟೇ. ಹೇಳಬೇಕಾಗಿರುವುದು ಪರೀಕ್ಷೆಯ ಕಥೆ. ಕ್ಯಾಮೆರಾ ಮುಂದೆ ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ ಅಂದಾಗ ಸುಲಭ ಅಂದುಕೊಂಡಿದ್ದೆ. ಸಿಲೆಬಸ್ ಓದಿದರೆ ಅರ್ಧ ತಯಾರಿ ಅಷ್ಟೇ ಅಂತ ಗೊತ್ತಾಗಿದ್ದು ಮೊದಲ ಸೆಮಿಸ್ಟರಿನ ಎರಡನೇ ಪೇಪರಿನಲ್ಲಿ.

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಪ್ರಶ್ನೆ ಬಂದರೆ ಮೆಲ್ಲಗೆ ಬಾಯಲ್ಲಿ ಓದಿಕೊಂಡು, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು, ಆಮೇಲೆ ಉತ್ತರ ಹುಡುಕುವ ರೂಢಿ. ಅದು ರೂಢಿ ಅಂತಲೇ ನನಗೆ ಗೊತ್ತಿರಲಿಲ್ಲ. ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಚಾಟ್ ಕಿಟಕಿ ತೆರೆಯಿತು. ಕ್ಯಾಮೆರಾದ ಆಚೆ ಪರೀಕ್ಷೆ ಕಾಯುವವರಿಂದ, ಜೋರಾಗಿ ಓದಬೇಡಿ ಅಂತ ಮೆಸೇಜ್. ನಾನು ಓದುತ್ತಲೇ ಇಲ್ಲವಲ್ಲ! ಇನ್ನೊಂದು ಹತ್ತು ನಿಮಿಷಕ್ಕೆ ಮತ್ತೆ ಅದೇ. ಆಮೇಲೆ ಕೈ ಬೆವರತೊಡಗಿತು, ಪ್ರಶ್ನೆ ಕಾಣಿಸಿದರೂ ತಲೆಗೆ ಹೋಗಲಿಲ್ಲ.

ಉಳಿದ ಪೇಪರುಗಳ ಫಲಿತಾಂಶ ಬಂತು. ಅದೊಂದನ್ನು ತಡೆಹಿಡಿದರು. ಮೇಲ್ ಮಾಡಿದೆ, ಫೋನ್ ಮಾಡಿದೆ, 'ಪರಿಶೀಲನೆಯಲ್ಲಿದೆ ಮೇಡಂ' ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹತ್ತೊಂಬತ್ತು ದಿನ ಆದ ಮೇಲೆ ಅಂಕ ಬಂತು, ಪಾಸ್. ಯಾಕೆ ತಡೆದರು, ಯಾಕೆ ಬಿಟ್ಟರು, ಒಂದು ಸಾಲಿನ ವಿವರಣೆಯೂ ಇಲ್ಲ. ನಮ್ಮ ಗೇಟಿನಲ್ಲಿ ಒಬ್ಬ ಲೇಬರನ್ನು ನಿಲ್ಲಿಸಿದರೂ ರಿಜಿಸ್ಟರಿನಲ್ಲಿ ಕಾರಣ ಬರೆಯುತ್ತೇವೆ. ಎಚ್ಆರ್ ಕಲಿಸುವವರಿಗೆ ಅಷ್ಟೂ ಬೇಡವಾ?

ಎರಡನೇ ಸೆಮಿಸ್ಟರಿಗೆ ಬೇರೆ ಥರ ತಯಾರಿ ಮಾಡಿದೆ. ಹಳೇ ಪ್ರಶ್ನೆ ಬಿಡಿಸುವಾಗ ಎದುರಿಗೆ ಡಬ್ಬಕ್ಕೆ ಫೋನ್ ಒರಗಿಸಿ ನನ್ನದೇ ವಿಡಿಯೋ ತೆಗೆದುಕೊಂಡೆ. ನೋಡಿದರೆ ನಾಚಿಕೆ ಆಯಿತು. ಒಂದೊಂದು ಪ್ರಶ್ನೆಗೂ ಮಂತ್ರ ಹೇಳುವವರ ಹಾಗೆ ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಬಂದರೆ ಕಣ್ಣು ಸೀದಾ ಜಂತಿಗೆ. ದಿನಾ ರಾತ್ರಿ ಅರ್ಧ ಗಂಟೆ, ಹಲ್ಲು ಕಚ್ಚಿ, ನಾಲಿಗೆ ಅಂಗುಳಕ್ಕೆ ಒತ್ತಿ ಓದುವುದು ರೂಢಿಸಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಬಾಯಿ ಮುಚ್ಕೊಂಡು ಕುಂದ್ರಾಕೂ ಡಿಗ್ರಿ ಬೇಕಾತೇನವಾ?" ಅಂದರು. ನಗು ತಡೆಯೋಕಾಗಲಿಲ್ಲ, ಆ ವಿಡಿಯೋ ಇನ್ನೂ ಫೋನಿನಲ್ಲಿದೆ. ಐದಾರು ವಾರಕ್ಕೆ ತುಟಿ ನಿಂತಿತು.

ಲೆಕ್ಕದ ಕಥೆ ಬೇರೆ. ರಫ್ ಹಾಳೆಗೆ ಅವಕಾಶ ಇದೆ, ಮುಂಚೆ ಎರಡೂ ಬದಿ ಖಾಲಿ ಅಂತ ಕ್ಯಾಮೆರಾಗೆ ತೋರಿಸಬೇಕು. ಆದರೆ ಹಾಳೆ ನೋಡಲು ತಲೆ ಬಗ್ಗಿಸಿದರೆ ನಮ್ಮ ಮೇಲೆ ಕಣ್ಣಿಟ್ಟಿರುವ ಸಾಫ್ಟ್‌ವೇರ್ ಅದನ್ನೂ ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ಸಣ್ಣ ಲೆಕ್ಕವನ್ನೆಲ್ಲ ಪರದೆ ನೋಡುತ್ತಲೇ ಮಾಡುವುದು ಕಲಿತೆ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿಯನ್ನೇ ತಗೊಳ್ಳಿ, ಸೇವೆಯ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ಕೊನೆಯ ತಿಂಗಳ ಸಂಬಳ 18,200, ಸೇವೆ 12 ವರ್ಷ. ಮೊದಲು 15ರಿಂದ ಗುಣಿಸಲು ಹೋದರೆ ಹಾಳೆ ಬೇಕೇ ಬೇಕು. 26ರಿಂದ ಮೊದಲು ಭಾಗಿಸಿ: ದಿನಕ್ಕೆ 700. ಹದಿನೈದು ದಿನಕ್ಕೆ 10,500. ಹನ್ನೆರಡು ವರ್ಷಕ್ಕೆ 1,26,000. ಇದು ಆಫೀಸಿನಲ್ಲೂ ಕೆಲಸಕ್ಕೆ ಬಂತು.

ಥಿಯರಿ ಪೇಪರುಗಳಲ್ಲಿ ನಮ್ಮಂಥ ಕೆಲಸದವರಿಗೆ ಒಂದು ಅಪಾಯ ಇದೆ, ಅನುಭವದ ಉತ್ತರ ಬರೆದುಬಿಡುತ್ತೇವೆ. ಸಂಬಳ ಸರಿಯಿದ್ದರೆ ಅಸಮಾಧಾನ ಹೋಗುತ್ತದೆ, ಆದರೆ ಅದರಿಂದಲೇ ಹುರುಪು ಬರುವುದಿಲ್ಲ ಅನ್ನುತ್ತಾನೆ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್. ನಮ್ಮ ಕಿಲ್ನ್ (ಕುಲುಮೆ) ಹುಡುಗರ ಮುಂದೆ ಇದನ್ನು ಹೇಳಿ ನೋಡಿ! ಪರೀಕ್ಷೆಯಲ್ಲಿ ಮಾತ್ರ ಹರ್ಜ್‌ಬರ್ಗ್ ಹೇಳಿದ್ದನ್ನೇ ಬರೆಯಬೇಕು.

ಕೋಣೆ ಸಿಗುವುದೂ ಸಣ್ಣ ಮಾತಲ್ಲ. ಎರಡನೇ ಸೆಮಿಸ್ಟರ್ ಪರೀಕ್ಷೆ ಗವಿಮಠದ ಜಾತ್ರೆ ದಿನಗಳಲ್ಲೇ ಬಂತು. ಕೊಪ್ಪಳದವರಿಗೆ ಬಿಡಿಸಿ ಹೇಳಬೇಕಿಲ್ಲ, ಮನೆ ತುಂಬಾ ನೆಂಟರು. ಪರೀಕ್ಷೆಗೆ ಮುಂಚೆ ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ, ಮೇಜಿನ ಕೆಳಗೆ ಎಲ್ಲಾ ತೋರಿಸಬೇಕು, ಒಳಗೆ ಇನ್ನೊಬ್ಬರು ಇರಕೂಡದು. ಕೊನೆಗೆ ಗೆಳತಿಯ ಮನೆಯ ಮಹಡಿ ಕೋಣೆ ಕೇಳಿ ಪಡೆದೆ. ಒಂದು ದಿನ ಮುಂಚೆ ಅಲ್ಲೇ ಹೋಗಿ, ಪರೀಕ್ಷೆಯ ಹೊತ್ತಿಗೇ ಎರಡು ಗಂಟೆ ಕೂತು ನೋಡಿದೆ. ಒಳ್ಳೆಯದೇ ಆಯಿತು. ಆ ಹೊತ್ತಿಗೆ ಕಿಟಕಿಯ ಬಿಸಿಲು ನೇರ ಮುಖಕ್ಕೆ ಹೊಡೆದು, ಕ್ಯಾಮೆರಾದಲ್ಲಿ ಅರ್ಧ ಮುಖ ಬೆಳ್ಳಗೆ ಕಾಣುತ್ತಿತ್ತು. ಮೇಜು ತಿರುಗಿಸಿದೆ. ವಿಶ್ವವಿದ್ಯಾಲಯ ಹತ್ತು ನಿಮಿಷದ ಮಾಕ್ ಟೆಸ್ಟ್ ಕೊಡುತ್ತದೆ. ಕ್ಯಾಮೆರಾ, ಮೈಕು ಕೆಲಸ ಮಾಡುತ್ತಾ ಅಂತ ನೋಡಲು ಅದು ಸಾಕು, ಬಿಸಿಲು ನೋಡಲು ಸಾಲದು.

ಬೇಸಿಗೆ ಪರೀಕ್ಷೆಯಲ್ಲಿ ಫ್ಯಾನಿನ ಕಾಟ. ನಮ್ಮ ಮನೆ ಫ್ಯಾನಿನ ಟಕ್ ಟಕ್ ಸದ್ದಿಗೆ ಸಾಫ್ಟ್‌ವೇರ್ ಎಚ್ಚರಿಕೆ ಕೊಟ್ಟಿತು, ಬಂದ್ ಮಾಡಿದೆ. ಆ ಸೆಕೆಯಲ್ಲಿ ಎರಡು ಗಂಟೆ! ಮುಂದಿನ ಪೇಪರಿಗೆ ಎಲೆಕ್ಟ್ರಿಷಿಯನ್ ಕರೆಸಿ ಬೇರಿಂಗ್ ಬದಲಿಸಿದೆ. ರೂಟರಿಗೆ ಪುಟ್ಟ ಯುಪಿಎಸ್ ಹಾಕಿಸಿದ್ದೆ, ಕರೆಂಟ್ ಎರಡು ಸಲ ಹೋದರೂ ನೆಟ್ ಹೋಗಲಿಲ್ಲ. ಎರಡು ವರ್ಷದಲ್ಲಿ ಅತ್ಯಂತ ಸಾರ್ಥಕ ಖರ್ಚು ಅದೇ. ಇನ್ನೊಂದು, ಹಿಂದಿನ ರಾತ್ರಿಯೇ ವಿಂಡೋಸ್ ಅಪ್‌ಡೇಟ್ ಮುಗಿಸಿ, ಲ್ಯಾಪ್‌ಟಾಪಿನ ವಾಟ್ಸಾಪ್‌ನಿಂದ ಹೊರಗೆ ಬನ್ನಿ.

ಕೊನೆಯ ಸೆಮಿಸ್ಟರ್ ಪರೀಕ್ಷೆ 2026ರ ಜನವರಿಯಲ್ಲಿ. ಅಷ್ಟರಲ್ಲಿ, 2025ರ ನವೆಂಬರ್ 21ಕ್ಕೆ, ಹಳೇ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದವು. ಕಾರ್ಖಾನೆಯಲ್ಲಿ ಅದೇ ಮಾತು, ನೇಮಕಾತಿ ಪತ್ರ ಎಲ್ಲರಿಗೂ ಕೊಡಬೇಕಂತೆ, ಸಂಬಳದ ಲೆಕ್ಕ ಬದಲಂತೆ. ನಮ್ಮ ನೋಟ್ಸ್ ಮಾತ್ರ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ನಿಂತಿತ್ತು. ಪ್ರಶ್ನೆಯಲ್ಲಿ ಹಳೇ ಕಾಯ್ದೆಯ ಹೆಸರಿದ್ದರಿಂದ ಹಳೆಯದನ್ನೇ ಬರೆದೆ, ಅಂಕ ಬಂತು. ಈಗ ಸೇರುವವರು ಯಾವುದರ ಮೇಲೆ ಪ್ರಶ್ನೆ ಬರುತ್ತದೆ ಅಂತ ಮೇಲ್‌ನಲ್ಲೇ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ.

ಫೀಸು ಒಟ್ಟು ಸುಮಾರು 1.2 ಲಕ್ಷ, ಕಂತಿನಲ್ಲಿ ಕಟ್ಟಿದೆ. ಕೋರ್ಸಿಗೆ ಐದಕ್ಕೆ ನಾಲ್ಕು, ಪರೀಕ್ಷೆ ನಡೆಸುವ ರೀತಿಗೆ ಎರಡು. ನಮ್ಮ ಟೈಮ್ ಆಫೀಸಿನ ಹುಡುಗನೊಬ್ಬ ಈ ಬ್ಯಾಚಿಗೆ ಸೇರಿದ್ದಾನೆ. ಯುಪಿಎಸ್ ಅವನಿಗೆ ಕೊಟ್ಟಿದ್ದೇನೆ. ಮೊನ್ನೆ ಅರ್ಜಿ ತುಂಬುವಾಗ ನೋಡಿದೆ, ಅವನದೂ ತುಟಿ ಅಲ್ಲಾಡುತ್ತಿತ್ತು.