ಆಟಗಾರ ತೊಟ್ಟ ಜೆರ್ಸಿ ಅಸಲಿಯಾ? ಹೊಲೋಗ್ರಾಮ್, ಪತ್ರ, ಫೋಟೋ ಮ್ಯಾಚ್: ಮೂರನ್ನೂ ಬಳಸಿ ನೋಡಿದ ಮೇಲೆ

ಆಟಗಾರ ಮೈದಾನದಲ್ಲಿ ತೊಟ್ಟ ಜೆರ್ಸಿಗೂ ಅಂಗಡಿಯಲ್ಲಿ ಸಿಗುವ ಜೆರ್ಸಿಗೂ ಬಟ್ಟೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಬೆಲೆಯಲ್ಲಿ ಮಾತ್ರ ಹತ್ತಾರು ಪಟ್ಟು ವ್ಯತ್ಯಾಸ. ಅದಕ್ಕೇ ಅಂಗಡಿ ಜೆರ್ಸಿಯನ್ನು ನಾಲ್ಕು ಸಲ ಒಗೆದು, ಒಂದಿಷ್ಟು ಮಣ್ಣು ಹತ್ತಿಸಿ, ಪಂದ್ಯದಲ್ಲಿ ತೊಟ್ಟಿದ್ದು ಅಂತ ಮಾರುವವರು ಎಲ್ಲ ಕಡೆ ಇದ್ದಾರೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಬೇಸ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಜೆರ್ಸಿ, ಜೊತೆಗೆ ಕ್ರಿಕೆಟ್ ಬ್ಯಾಟ್ ಕೂಡಿಡುತ್ತೇನೆ. ದೊಡ್ಡ ಸ್ಟಾರ್‌ಗಳದ್ದು ಕೈಗೆಟುಕುವುದಿಲ್ಲ, ಬೆಂಚಿನ ಆಟಗಾರರದ್ದೇ ಜಾಸ್ತಿ. ಆದರೂ ಅಸಲಿ ಆಗಿರಲೇಬೇಕು, ಇಲ್ಲದಿದ್ದರೆ ಅದು ಸುಮ್ನೆ ಒಂದು ಬಟ್ಟೆ, ಅಲ್ವಾ?

ಮೊದಲು ಹೊಲೋಗ್ರಾಮ್, ಅಂದರೆ ವಸ್ತುವಿನ ಮೇಲೆ ಅಂಟಿಸುವ ಹೊಳೆಯುವ ಸ್ಟಿಕರ್. ಇದರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಎಲ್ಲರಿಗಿಂತ ಮುಂದಿದೆ. 1990ರ ದಶಕದಲ್ಲಿ ಸ್ಯಾನ್ ಡಿಯಾಗೋ ಪಾಡ್ರೇಸ್ ತಂಡದ ಟೋನಿ ಗ್ವಿನ್, ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ಹೆಸರಿನ ನಕಲಿ ಸಹಿಗಳನ್ನು ಕಂಡರು. ಆ ಕಾಲದಲ್ಲೇ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ನಕಲಿ ಸಹಿಗಳ ದೊಡ್ಡ ಜಾಲವನ್ನು ಹಿಡಿಯಿತು. 2001ರಲ್ಲಿ ಲೀಗ್ ತನ್ನದೇ ವ್ಯವಸ್ಥೆ ಶುರು ಮಾಡಿತು. ಪ್ರತಿ ಪಂದ್ಯಕ್ಕೂ ಒಬ್ಬ ಪರಿಶೀಲಕ ಇರುತ್ತಾನೆ, ಹೆಚ್ಚಾಗಿ ಕೆಲಸದಲ್ಲಿರುವ ಅಥವಾ ನಿವೃತ್ತನಾದ ಪೊಲೀಸ್ ಅಧಿಕಾರಿ. ಚೆಂಡೋ ಬೇಸೋ (ಓಡುವಾಗ ಆಟಗಾರ ಮುಟ್ಟುವ ಮೂಲೆಯ ದಿಂಬು) ಜೆರ್ಸಿಯೋ ಮೈದಾನದಿಂದ ಬರುವುದನ್ನು ಅವನು ಕಣ್ಣಾರೆ ಕಂಡಿರಬೇಕು. ಆಮೇಲೇ ಸ್ಟಿಕರ್ ಅಂಟುತ್ತದೆ. ಅದರ ಮೇಲಿರುವ ನಂಬರನ್ನು ಲೀಗ್‌ನ ವೆಬ್‌ಸೈಟಿನಲ್ಲಿ ಹಾಕಿದರೆ ವಸ್ತು ಯಾವುದು, ಯಾವ ದಿನದ್ದು ಎಂದು ಬರುತ್ತದೆ. ಖರ್ಚಿಲ್ಲ. ಕಿತ್ತು ಬೇರೆ ಕಡೆ ಅಂಟಿಸಲು ಹೋದರೆ ಸ್ಟಿಕರ್ ಹಾಳಾಗುತ್ತದೆ.

ನನ್ನ ಹತ್ತಿರ ಇರುವ ಮೆಟ್ಸ್ ಬೇಸ್‌ಬಾಲ್ ತಂಡದ ಒಂದು ಪಿನ್‌ಸ್ಟ್ರೈಪ್ (ಸಣ್ಣ ಉದ್ದಗೆರೆಗಳಿರುವ) ಜೆರ್ಸಿಗೆ ಈ ಹೊಲೋಗ್ರಾಮ್ ಇದೆ. ಕೊಳ್ಳುವ ಮೊದಲೇ ಕೂತಲ್ಲಿಂದ ಪರೀಕ್ಷೆ ಮುಗಿಯಿತು. ಇಷ್ಟು ನಿರಾಳ ಬೇರೆ ಯಾವ ದಾರಿಯಲ್ಲೂ ಸಿಕ್ಕಿಲ್ಲ. ಆದರೆ ವೆಬ್‌ಸೈಟಿನಲ್ಲಿ ಬರುವ ವಿವರವನ್ನು ಪದ ಬಿಡದೆ ಓದಬೇಕು. ತಂಡದವರು ಆಟಗಾರನಿಗೆ ಕೊಟ್ಟ, ಆದರೆ ಅವನು ಪಂದ್ಯದಲ್ಲಿ ತೊಡದೇ ಉಳಿದ ಜೆರ್ಸಿಗೂ ಇದೇ ಹೊಲೋಗ್ರಾಮ್ ಇರುತ್ತದೆ. ಸಹಿ ಹಾಕಿಸಿದ ಚೆಂಡಿಗೂ ಇರುತ್ತದೆ. ಸ್ಟಿಕರ್ ಕಂಡ ತಕ್ಷಣ ತೊಟ್ಟದ್ದೇ ಅಂದುಕೊಳ್ಳುವ ಹಾಗಿಲ್ಲ. 2001ಕ್ಕಿಂತ ಹಿಂದಿನ ಪಂದ್ಯಗಳಿಗಂತೂ ಇದರಿಂದ ಉಪಯೋಗವಿಲ್ಲ.

ಎರಡನೆಯದು ಪತ್ರ. ಮಾರುವವರೇ ಬರೆದುಕೊಡುವ ಪ್ರಮಾಣಪತ್ರದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಒಬ್ಬ ವ್ಯಾಪಾರಿ ಬ್ಯಾಸ್ಕೆಟ್‌ಬಾಲ್ ಜೆರ್ಸಿ ಜೊತೆ ದಪ್ಪ ಹಾಳೆಯಲ್ಲಿ ಚಿನ್ನದ ಮುದ್ರೆ ಒತ್ತಿದ ಪತ್ರ ಕಳಿಸಿದ್ದ. ಅದರಲ್ಲಿ ಪಂದ್ಯದ ದಿನಾಂಕ ಇರಲಿಲ್ಲ, ಎದುರಾಳಿ ಯಾರು ಅಂತ ಇರಲಿಲ್ಲ, ಜೆರ್ಸಿ ಅವನಿಗೆ ಯಾರಿಂದ ಬಂತು ಅಂತಲೂ ಇರಲಿಲ್ಲ. ಕೇಳಿದರೆ ಉತ್ತರವೂ ಬರಲಿಲ್ಲ. ಇಂಥ ಪತ್ರಕ್ಕೆ ನಾನು ಒಂದು ಡಾಲರ್ ಕೂಡ ಜಾಸ್ತಿ ಕೊಡುವುದಿಲ್ಲ. ತಂಡವೋ ಆಟಗಾರನೋ ದಿನಾಂಕ ಸಮೇತ ಬರೆದುಕೊಟ್ಟ ಪತ್ರದ ಮಾತು ಬೇರೆ, ಅದಕ್ಕೆ ತೂಕ ಇದೆ.

ಇಲ್ಲೇ ಇನ್ನೊಂದು ವಿಷಯ. ಪಿಎಸ್‌ಎ, ಜೆಎಸ್‌ಎ ಥರದ ಸಂಸ್ಥೆಗಳು ಸಹಿ ಅಸಲಿ ಎಂದು ಕೊಡುವ ಪತ್ರ ಆ ಸಹಿಯ ಬಗ್ಗೆ ಮಾತ್ರ ಹೇಳುತ್ತದೆ. ಅಂಗಡಿಯಿಂದ ತಂದ ಜೆರ್ಸಿಗೆ ಆಟಗಾರ ಸಹಿ ಮಾಡಿದರೂ ಸಹಿ ಅಸಲಿಯೇ. ಹೊಸಬರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಮೂರನೆಯದು ಫೋಟೋ ಮ್ಯಾಚ್. ಪಂದ್ಯದ ದಿನ ತೆಗೆದ ದೊಡ್ಡ ಫೋಟೋಗಳನ್ನು ಮುಂದಿಟ್ಟುಕೊಂಡು, ಕೈಯಲ್ಲಿರುವ ಜೆರ್ಸಿ ಅದೇನಾ ಅಂತ ಗುರುತು ಹಿಡಿಯುವುದು. ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ.

ಪಿನ್‌ಸ್ಟ್ರೈಪ್ ಜೆರ್ಸಿ ಇದಕ್ಕೆ ಹೇಳಿ ಮಾಡಿಸಿದ್ದು. ಗೆರೆ ಬಟ್ಟೆಯನ್ನು ಕತ್ತರಿಸಿ ಹೊಲಿಯುವಾಗ ಗೆರೆಗಳು ಭುಜದ ಹೊಲಿಗೆಗೆ, ಗುಂಡಿ ಪಟ್ಟಿಗೆ ಬಂದು ಸೇರುವ ಜಾಗ ಒಂದೊಂದು ಜೆರ್ಸಿಗೂ ಬೇರೆ. ಎದೆ ಮೇಲಿನ ಅಕ್ಷರ, ಬೆನ್ನಿನ ನಂಬರ್ ಯಾವ ಗೆರೆಯನ್ನು ಎಲ್ಲಿ ದಾಟುತ್ತದೆ ಎನ್ನುವುದೂ ಬೇರೆ. ಬ್ಯಾಸ್ಕೆಟ್‌ಬಾಲ್ ಜೆರ್ಸಿಯಲ್ಲಿ ಗೆರೆ ಇಲ್ಲದಿದ್ದರೆ ಬಲೆಯಂಥ ಬಟ್ಟೆಯ ತೂತು ನೋಡಬೇಕು. ನಂಬರಿನ ಮೂಲೆ ಯಾವ ತೂತನ್ನು ಅರ್ಧ ಮುಚ್ಚಿದೆ, ಯಾವುದನ್ನು ಪೂರ್ತಿ ಬಿಟ್ಟಿದೆ ಅಂತ. ಕಣ್ಣು ನೋಯುವ ಕೆಲಸ. ಮೇಲೆ ಹೇಳಿದ ವ್ಯಾಪಾರಿಯ ಜೆರ್ಸಿಯನ್ನು ಹೀಗೇ ನೋಡಿದೆ. ಸಿಕ್ಕ ಫೋಟೋಗಳಲ್ಲೆಲ್ಲ ನಂಬರ್ ಬೇರೆ ಜಾಗದಲ್ಲಿತ್ತು. ವಾಪಸ್ ಕಳಿಸಿದೆ.

ಕಲೆ, ಬಿಟ್ಟುಹೋದ ದಾರ, ತೇಪೆ ಕೂಡ ಸಹಾಯ ಮಾಡುತ್ತವೆ. ಆದರೆ ಕಲೆ ಒಗೆದರೆ ಹೋಗುತ್ತದೆ, ಮಣ್ಣನ್ನು ಯಾರು ಬೇಕಾದರೂ ಹತ್ತಿಸಬಹುದು. ಹೊಲಿಗೆ ಹಾಗೆ ಬದಲಾಗುವುದಿಲ್ಲ. ನಾನು ಹೊಲಿಗೆಯನ್ನೇ ಮೊದಲು ನೋಡುತ್ತೇನೆ.

ಮೆಟ್ಸ್ ಜೆರ್ಸಿಯನ್ನೂ ಫೋಟೋಗಳ ಜೊತೆ ಇಟ್ಟು ನೋಡಿದೆ. ಹೊಲೋಗ್ರಾಮ್ ಹೇಳಿದ್ದು ಒಂದೇ ದಿನದ ಪಂದ್ಯ. ಫೋಟೋಗಳಲ್ಲಿ ಅದೇ ಜೆರ್ಸಿ ಆ ಸೀಸನ್ನಿನ ಬೇರೆ ಪಂದ್ಯಗಳಲ್ಲೂ ಸಿಕ್ಕಿತು. ಅದರಲ್ಲೊಂದು, ಆ ಜೆರ್ಸಿ ತೊಟ್ಟ ಆಟಗಾರ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದು ಬೇಸ್ ಸುತ್ತುತ್ತಿದ್ದ ಫೋಟೋ! ಸ್ಟಿಕರ್‌ನಿಂದ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಫೋಟೋ ಮ್ಯಾಚ್‌ನ ಬಲ ಕಾಣಬೇಕಾದರೆ ಮರಡೋನಾ ಅಂಗಿಯ ಕಥೆ ನೋಡಿ. 1986ರ ವಿಶ್ವಕಪ್ ಕ್ವಾರ್ಟರ್‌ಫೈನಲ್, ಮೆಕ್ಸಿಕೋದ ಆಜ್ಟೆಕಾ ಸ್ಟೇಡಿಯಂ. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಮರಡೋನಾ ಜೊತೆ ಅಂಗಿ ಬದಲಿಸಿಕೊಂಡರು. 2022ರಲ್ಲಿ ಸೋಥೆಬೀಸ್ ಅದನ್ನು ಹರಾಜಿಗೆ ಇಟ್ಟಾಗ ಮರಡೋನಾ ಮಗಳು ಆಕ್ಷೇಪ ಎತ್ತಿದರು: ಅದು ಮೊದಲರ್ಧದ ಅಂಗಿ, ಎರಡು ಗೋಲು ಬಂದ ದ್ವಿತೀಯಾರ್ಧದ್ದಲ್ಲ ಎಂದು. ಹಾಡ್ಜ್ ಮಾತು ಒಂದು ಕಡೆ, ಮನೆಯವರ ಮಾತು ಇನ್ನೊಂದು ಕಡೆ. ಸೋಥೆಬೀಸ್ ಆತುಕೊಂಡಿದ್ದು ಫೋಟೋಗಳನ್ನು. ಆ ಅಂಗಿಗಳನ್ನು ಅರ್ಜೆಂಟೀನಾದವರು ಪಂದ್ಯದ ಹೊತ್ತಿಗೆ ಮೆಕ್ಸಿಕೋ ಸಿಟಿಯ ಅಂಗಡಿಯಿಂದ ಅವಸರದಲ್ಲಿ ತಂದಿದ್ದರು. ಬ್ಯಾಡ್ಜು, ಬೆಳ್ಳಿ ಬಣ್ಣದ ನಂಬರ್ ಎಲ್ಲ ಆಗಿಂದಾಗ್ಗೆ ಹಾಕಿದ್ದು. ಹಾಗೆ ಹಾಕಿದ್ದು ಎರಡು ಅಂಗಿಯಲ್ಲಿ ಒಂದೇ ಥರ ಕೂರುವುದು ಕಷ್ಟ. ಬ್ಯಾಡ್ಜು, ಪಟ್ಟಿ, ನಂಬರ್ ಗೋಲುಗಳ ಫೋಟೋ ಜೊತೆ ಹೊಂದಿಕೊಂಡವು. ಅಂಗಿ 71 ಲಕ್ಷ ಪೌಂಡಿಗೆ ಹೋಯಿತು.

ಕ್ರಿಕೆಟ್‌ಗೆ ಬಂದರೆ ಬೇಸ್‌ಬಾಲ್‌ನಂಥ ವ್ಯವಸ್ಥೆ ಕಾಣುವುದು ಅಪರೂಪ. ಟಿ20 ಅಂಗಿಗಳಲ್ಲಿ ಲೋಗೋ, ನಂಬರ್ ಎಲ್ಲ ಬಟ್ಟೆಯೊಳಗೇ ಪ್ರಿಂಟ್ ಆಗಿರುವುದು ಜಾಸ್ತಿ, ಹಾಗಾಗಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಡಿಸೈನ್ ಪಕ್ಕದ ಹೊಲಿಗೆಯಲ್ಲಿ ಎಲ್ಲಿ ತುಂಡಾಗಿದೆ ಅಂತ ಹುಡುಕಬೇಕು. ಇಲ್ಲಿ ವಸ್ತು ಯಾರ ಕೈಯಿಂದ ಬಂತು ಎನ್ನುವುದೇ ದೊಡ್ಡ ಆಧಾರ. 2024ರಲ್ಲಿ ನಮ್ಮ ಕೆ.ಎಲ್. ರಾಹುಲ್, ಆಥಿಯಾ ಶೆಟ್ಟಿ ಮಕ್ಕಳ ಶಾಲೆಗಾಗಿ ನಡೆಸಿದ ಹರಾಜಿನಲ್ಲಿ ಕೊಹ್ಲಿ ಜೆರ್ಸಿ 40 ಲಕ್ಷ ರೂಪಾಯಿಗೆ ಹೋಯಿತು. ಆಟಗಾರರೇ ಕೊಟ್ಟದ್ದು, ಜೊತೆಗಾರನೇ ಹರಾಜು ಹಾಕಿದ್ದು. ನಡುವೆ ವ್ಯಾಪಾರಿಗಳ ಸರಪಳಿ ಇಲ್ಲ. ಅಂಥ ಕಡೆ ಕೊಳ್ಳಲು ನನಗೂ ಧೈರ್ಯ ಬರುತ್ತದೆ.

ಬ್ಯಾಟ್ ಮಾತ್ರ ಫೋಟೋ ಮ್ಯಾಚ್‌ಗೆ ಚಿನ್ನದಂಥದ್ದು. ವಿಲ್ಲೋ ಮರದ ಗೆರೆಗಳು ಮನುಷ್ಯರ ಬೆರಳಚ್ಚಿನಂತೆ, ಎರಡು ಬ್ಯಾಟಿಗೆ ಒಂದೇ ಥರ ಬರುವುದಿಲ್ಲ. ಸ್ಟಿಕರ್ ಬದಲಾಗುತ್ತದೆ, ಹಿಡಿಯ ರಬ್ಬರ್ ಬದಲಾಗುತ್ತದೆ, ಗೆರೆ ಬದಲಾಗುವುದಿಲ್ಲ. ಐವತ್ತೋ ನೂರೋ ಹೊಡೆದು ಬ್ಯಾಟ್ ಎತ್ತಿದ ಫೋಟೋ ಹುಡುಕಿ, ಬ್ಯಾಟಿನ ಮುಖ ಎಷ್ಟೋ ಸಲ ಕ್ಯಾಮೆರಾ ಕಡೆಗೇ ಇರುತ್ತದೆ. ಗೆರೆಗಳ ನಡುವಿನ ಅಂತರ, ಮರದ ಗಂಟು ನೋಡಿದರೆ ಸಾಕು. ಜೆರ್ಸಿಗೆ ಹಲವು ಸಂಜೆ ಬೇಕಾದರೆ ಬ್ಯಾಟಿಗೆ ಒಂದೇ ಸಾಲುತ್ತದೆ.

ದುಡ್ಡು ಕೊಟ್ಟು ಫೋಟೋ ಮ್ಯಾಚ್ ಮಾಡಿಸುವ ಸಂಸ್ಥೆಗಳೂ ಇವೆ. ದುಬಾರಿ ಜೆರ್ಸಿಯಾದರೆ, ಮುಂದೆ ಮಾರುವ ಯೋಚನೆ ಇದ್ದರೆ ಮಾಡಿಸಿ. ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೆ ನಿಮ್ಮ ಕಣ್ಣೇ ಸಾಕು. ಕೊಳ್ಳುವ ಮೊದಲು ಭುಜದ ಹೊಲಿಗೆ, ನಂಬರಿನ ನಾಲ್ಕೂ ಮೂಲೆ, ಕಾಲರಿನ ಒಳಗಿನ ಚೀಟಿ, ಇಷ್ಟರ ಹತ್ತಿರದ ಫೋಟೋ ಕೇಳಿ. ಕೊಡಲು ಸತಾಯಿಸುವವರ ಹತ್ತಿರ ನಾನು ಬೆಲೆಯನ್ನೂ ಕೇಳುವುದಿಲ್ಲ.