ನಾಲ್ಕು ವರ್ಷದ ಬಳಕೆ: ಎಆರ್‌ಸಿ ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ ಫೈ ನೀವೇ ಲೆಕ್ಕ ಹಾಕಿ

ಜಿಗಣಿ ಕಡೆಯ ಒಂದು ಸೇಫ್ಟಿ ಲ್ಯಾಬಿನಲ್ಲಿ ನನ್ನ ಕೆಲಸ. ಎಆರ್‌ಸಿ, ಅಂದರೆ ಆಕ್ಸಲರೇಟಿಂಗ್ ರೇಟ್ ಕ್ಯಾಲೊರಿಮೀಟರ್, ಓಡಿಸುತ್ತೇನೆ. 1970ರ ದಶಕದಲ್ಲಿ ಡೌ ಕೆಮಿಕಲ್ ರೂಪಿಸಿದ ಉಪಕರಣ ಇದು, ರಾಸಾಯನಿಕವೊಂದು ತಾನಾಗಿಯೇ ಬಿಸಿಯೇರಿ ಹತೋಟಿ ತಪ್ಪುತ್ತದೆಯಾ ಅಂತ ಅಳೆಯಲು. ಮಾದರಿಯನ್ನು ನೆಲ್ಲಿಕಾಯಿ ಗಾತ್ರದ ಲೋಹದ ಟೊಳ್ಳು ಗೋಳಕ್ಕೆ ತುಂಬುತ್ತೇವೆ. ಲ್ಯಾಬಿನಲ್ಲಿ ಅದಕ್ಕೆ ಬಾಂಬ್ ಅಂತಲೇ ಹೆಸರು, ಗಾಬರಿ ಬೇಡ! ಉಪಕರಣ 5 ಡಿಗ್ರಿ ಬಿಸಿ ಮಾಡುತ್ತದೆ, ಕಾಯುತ್ತದೆ, ಮಾದರಿ ತಾನಾಗಿಯೇ ಬಿಸಿಯಾಗುತ್ತಿದೆಯಾ ಅಂತ ನೋಡುತ್ತದೆ. ನಿಮಿಷಕ್ಕೆ 0.02 ಡಿಗ್ರಿ ದಾಟಿತೋ, ಸುತ್ತಲಿನ ಹೀಟರ್‌ಗಳೂ ಮಾದರಿಯ ಜೊತೆಗೇ ಏರುತ್ತವೆ. ಶಾಖ ಹೊರಗೆ ಸೋರುವುದಿಲ್ಲ.

ಉಪಕರಣದ ಜೊತೆ ಬಂದ ಸಾಫ್ಟ್‌ವೇರ್‌ನ ಕೆಲಸ ಆಮೇಲಿನದು. ಮೊದಲು ಎಕ್ಸೆಲ್‌ನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಲೆಕ್ಕ ಈಗ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಆಕ್ಟಿವೇಷನ್ ಎನರ್ಜಿ (ಪ್ರತಿಕ್ರಿಯೆ ಶುರುವಾಗಲು ಬೇಕಾದ ಶಕ್ತಿ), ಟಿಎಂಆರ್ (ಪ್ರತಿಕ್ರಿಯೆ ಗರಿಷ್ಠ ವೇಗ ಮುಟ್ಟಲು ಹಿಡಿಯುವ ಸಮಯ), ಟಿಡಿ24 (ಆ ಸಮಯ 24 ಗಂಟೆ ಇರುವ ತಾಪಮಾನ) ಎಲ್ಲವೂ ಒಂದೇ ಕಡೆ ಸಿಗುತ್ತವೆ. ತಂದ ಹೊಸತರಲ್ಲಿ ಟೊಲ್ಯೂನ್‌ನಲ್ಲಿ 20% ಡಿಟಿಬಿಪಿ (ಡೈ-ಟರ್ಟ್-ಬ್ಯುಟೈಲ್ ಪೆರಾಕ್ಸೈಡ್) ಹಾಕಿ ಪರೀಕ್ಷಿಸಿದ್ದೆ. ಬಹಳಷ್ಟು ಲ್ಯಾಬುಗಳು ಇದರಲ್ಲೇ ಉಪಕರಣ ಸರಿಯಿದೆಯಾ ಅಂತ ನೋಡುವುದು. ಆಕ್ಟಿವೇಷನ್ ಎನರ್ಜಿ ಮೋಲ್‌ಗೆ 158 ಕಿಲೋಜೂಲ್ ಆಸುಪಾಸು ಬಂತು, ಬರಬೇಕಾದದ್ದೂ ಅಷ್ಟೇ. ಅವತ್ತು ನಂಬಿಕೆ ಕೂತಿತು. ಸ್ವಲ್ಪ ಜಾಸ್ತಿಯೇ ಕೂತಿತು ಅನ್ನಬೇಕು.

ಎರಡನೇ ವರ್ಷ ಒಂದು ನೈಟ್ರೋ ಸಂಯುಕ್ತ ಬಂದಿತ್ತು. 3 ಗ್ರಾಂ ಮಾದರಿ, 19 ಗ್ರಾಂ ಹ್ಯಾಸ್ಟೆಲಾಯ್ (ಒಂದು ನಿಕ್ಕಲ್ ಮಿಶ್ರಲೋಹ) ಬಾಂಬ್. ಅಳೆದ ಏರಿಕೆ 90 ಡಿಗ್ರಿ. ಆದರೆ ಹುಟ್ಟಿದ ಶಾಖದಲ್ಲಿ ಒಂದು ಪಾಲನ್ನು ಬಾಂಬೇ ಕುಡಿಯುತ್ತದಲ್ವಾ? ಅದಕ್ಕೇ ಅಳೆದ ಏರಿಕೆಯನ್ನು ಫೈನಿಂದ, ಅಂದರೆ ಬಾಂಬ್ ಕುಡಿದ ಪಾಲನ್ನು ಸರಿದೂಗಿಸುವ ಸಂಖ್ಯೆಯಿಂದ, ಗುಣಿಸಬೇಕು. ಸಾಫ್ಟ್‌ವೇರ್ 160 ಡಿಗ್ರಿ ಅಂದಿತು. ವರದಿ ಬರೆದೂ ಆಯಿತು. ನಮ್ಮ ಸೀನಿಯರ್ ಮೇಡಂ ಪುಟ ತಿರುಗಿಸುತ್ತಾ, "ಏನಪ್ಪಾ, ಹೋದ ವಾರದ ಫೈಯೇ ಇದೆಯಲ್ಲ ಇಲ್ಲಿ?" ಅಂದರು. ನೋಡಿದರೆ ಹೌದು, 1.78. ಹಳೆ ಪ್ರಾಜೆಕ್ಟ್ ಕಾಪಿ ಮಾಡಿದಾಗ ಅದರ 9 ಗ್ರಾಂ ಟೈಟೇನಿಯಂ ಬಾಂಬೂ ಸದ್ದಿಲ್ಲದೆ ಜೊತೆಗೆ ಬಂದಿತ್ತು. ಕೈಯಲ್ಲಿ ಲೆಕ್ಕ ಹಾಕಿದೆ: 19 ಗುಣಿಸು 0.42, ಅದನ್ನು 3 ಗುಣಿಸು 2ರಿಂದ ಭಾಗಿಸಿ 1 ಕೂಡಿದರೆ 2.33. (0.42 ಬಾಂಬಿನ, 2 ಮಾದರಿಯ ವಿಶಿಷ್ಟೋಷ್ಣ, ಅಂದರೆ ಒಂದು ಗ್ರಾಂ ಒಂದು ಡಿಗ್ರಿ ಏರಲು ಬೇಕಾದ ಜೂಲ್.) ನಿಜವಾದ ಏರಿಕೆ 210 ಡಿಗ್ರಿ. 50 ಡಿಗ್ರಿ ಕಮ್ಮಿ ತೋರಿಸುವ ವರದಿ ಪ್ಲಾಂಟಿಗೆ ಹೋಗಿದ್ದರೆ? ತಪ್ಪು ನನ್ನದೂ ಹೌದು. ಆದರೂ ಬಾಂಬ್ ಯಾವುದು ಅಂತ ಒಂದು ಮಾತು ಕೇಳಬಾರದಿತ್ತಾ ಈ ಸಾಫ್ಟ್‌ವೇರ್? ದೂರು ಕೊಟ್ಟೆ. ಹೊಸ ಆವೃತ್ತಿಯಲ್ಲಿ ಎಚ್ಚರಿಕೆ ಬರುತ್ತದೆ, ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ.

ಇನ್ನೊಂದು ಕಿರಿಕಿರಿ. ಕೈನೆಟಿಕ್ಸ್ ಫಿಟ್‌ಗೆ (ಪ್ರತಿಕ್ರಿಯೆಯ ವೇಗದ ಲೆಕ್ಕಕ್ಕೆ) ಅದು ಇಡೀ ರೇಖೆಯನ್ನು ತಗೊಳ್ಳುತ್ತದೆ. ತುದಿಯಲ್ಲಿ ಮಾದರಿಯ ವೇಗಕ್ಕೆ ಹೀಟರ್ ಓಡಲಾರದೆ ಹಿಂದೆ ಬಿದ್ದಿರುತ್ತದೆ. ಆಗ ಶಾಖ ಸೋರುತ್ತದೆ, ಆ ಡೇಟಾ ಅಡಿಯಾಬ್ಯಾಟಿಕ್ಕೇ (ಶಾಖ ಸೋರದ ಸ್ಥಿತಿಯದ್ದೇ) ಅಲ್ಲ. ಪ್ರತಿ ಸಲ ನಾನೇ ಕತ್ತರಿಸುತ್ತೇನೆ. ಸ್ಮೂತಿಂಗ್ (ರೇಖೆಯ ಏರಿಳಿತ ನಯಗೊಳಿಸುವುದು) ಕೂಡ ಆಫ್ ಮಾಡಿಯೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ಒತ್ತಡದ ಚೂಪು ಶಿಖರ ಸವೆದುಹೋಗುತ್ತದೆ.

ಲೈಸೆನ್ಸ್ ಒಂದೇ ಕಂಪ್ಯೂಟರಿಗೆ, ಲೈಸೆನ್ಸಿನ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿ) ಕಳೆದರೆ ಗೋಳು. ಸಪೋರ್ಟ್ ಪರವಾಗಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಈಗ ಬಾಂಬ್ ತೂಗಿದ ಕೂಡಲೇ ಫೈಯನ್ನು ಪೆನ್ಸಿಲ್‌ನಲ್ಲಿ ನೋಟ್‌ಬುಕ್ಕಿನ ಅಂಚಿಗೆ ಬರೆದಿಡುತ್ತೇನೆ. ಸಾಫ್ಟ್‌ವೇರ್ ತೆರೆಯುವುದು ಆಮೇಲೆ.