ಸ್ಟಾರ್ ಫಿಲ್ಟರ್: ನಾಲ್ಕು ಕಿರಣವೋ, ಆರೋ, ಎಂಟೋ?

ಗೀರು ಬಿದ್ದ ಗಾಜಿಗೆ ಯಾರೂ ದುಡ್ಡು ಕೊಡುವುದಿಲ್ಲ. ದೀಪದ ಚುಕ್ಕಿಯಿಂದ ನಕ್ಷತ್ರದಂತೆ ಕಿರಣ ಚಿಮ್ಮಿಸಲು ಕ್ಯಾಮೆರಾ ಲೆನ್ಸಿನ ಮುಂದೆ ಹಾಕುವ ಸ್ಟಾರ್ ಫಿಲ್ಟರ್‌ನಲ್ಲಿ ಮಾತ್ರ ಗೀರೇ ಸರಕು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಂತೆ ಅಡ್ಡಕ್ಕೂ ಉದ್ದಕ್ಕೂ ಕೊರೆದ ನವಿರಾದ ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ತನಗೆ ಲಂಬವಾದ ದಿಕ್ಕಿಗೆ ಬೆಳಕನ್ನು ಎಳೆಯುತ್ತದೆ: ಅಡ್ಡ ಗೆರೆಯಿಂದ ಮೇಲೆ-ಕೆಳಗೆ ಕಿರಣ, ಉದ್ದ ಗೆರೆಯಿಂದ ಎಡ-ಬಲಕ್ಕೆ. ಗೆರೆಗಳು ಎರಡು ದಿಕ್ಕಿಗಿದ್ದರೆ ನಾಲ್ಕು ಕಿರಣ, ಮೂರು ದಿಕ್ಕಿಗಿದ್ದರೆ ಆರು, ನಾಲ್ಕಿದ್ದರೆ ಎಂಟು. ಮೊಬೈಲ್ ಲೆನ್ಸ್ ಮೇಲೆ ಎಣ್ಣೆಗೈಯನ್ನು ಒಂದೇ ದಿಕ್ಕಿಗೆ ಸವರಿ ದೂರದ ಬೀದಿದೀಪ ನೋಡಿ. ಸವರಿದ ದಿಕ್ಕಿಗೆ ಅಡ್ಡಲಾಗಿ ಬೆಳಕು ಚಾಚಿಕೊಂಡಿರುತ್ತದೆ. ಫಿಲ್ಟರ್ ಮಾಡುವುದೂ ಅದನ್ನೇ, ಸ್ವಲ್ಪ ಅಚ್ಚುಕಟ್ಟಾಗಿ.

ಕೆಂಕೋ ಕಂಪನಿ ಇವನ್ನು ಕ್ರಾಸ್ ಸ್ಕ್ರೀನ್, ಸ್ನೋ ಕ್ರಾಸ್, ಸನ್ನಿ ಕ್ರಾಸ್ ಎಂದು ಮಾರುತ್ತದೆ; ಕ್ರಮವಾಗಿ ನಾಲ್ಕು, ಆರು, ಎಂಟು ಕಿರಣ. ಒಂದನ್ನೇ ಕೊಳ್ಳುವುದಾದರೆ ನಾಲ್ಕರದನ್ನು ಕೊಳ್ಳಿ. ಆರರದು ಚೌಕಟ್ಟಿನಲ್ಲಿ ಐದಾರು ದೀಪಗಳಿದ್ದಾಗ ಚೆನ್ನ. ಎಂಟರದು ಒಂಟಿ ದೀಪಕ್ಕೆ ಸೊಗಸು, ಹತ್ತಿಪ್ಪತ್ತು ದೀಪ ಸೇರಿದರೆ ಕಿರಣಗಳು ಒಂದರೊಳಗೊಂದು ಹೆಣೆದುಕೊಂಡು ಚಿತ್ರ ಕಲಸಿಹೋಗುತ್ತದೆ.

ಕಿರಣದ ಸಂಖ್ಯೆಗಿಂತ ಗೆರೆಗಳ ನಡುವಿನ ಅಂತರ ಮುಖ್ಯ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಟಿಫೆನ್ ಫಿಲ್ಟರ್‌ಗಳಲ್ಲಿ 1, 2, 3, 4 ಮಿ.ಮೀ. ಎಂದು ಅಳತೆ ಬರೆದಿರುತ್ತಾರೆ. ಅಂತರ ಕಡಿಮೆಯಾದಷ್ಟೂ ಗೆರೆ ಹೆಚ್ಚು, ನಕ್ಷತ್ರ ಜೋರು. ಜೊತೆಗೇ ಇಡೀ ಚಿತ್ರ ಮೆದುವಾಗುತ್ತದೆ, ಕಪ್ಪು ಬಣ್ಣ ಬೂದಿಯ ಕಡೆಗೆ ಜಾರುತ್ತದೆ. 1 ಮಿ.ಮೀ. ಫಿಲ್ಟರ್ ಹಾಕಿ ಮುಖ ತೆಗೆದರೆ ರೆಪ್ಪೆಯ ಕೂದಲು ಒಂದೊಂದಾಗಿ ಕಾಣುವುದಿಲ್ಲ. ಮುಖವಿರುವ ಚಿತ್ರಕ್ಕೆ 3 ಅಥವಾ 4 ಇರಲಿ, ಬರೀ ದೀಪಗಳ ದೃಶ್ಯಕ್ಕೆ 2.

ಈ ಅಂತರ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ) ಜೊತೆ ಸೇರಿ ಆಡುವ ಆಟ ಬೇರೆಯೇ ಇದೆ. 50 ಮಿ.ಮೀ. ಲೆನ್ಸನ್ನು ಎಫ್/2ರಲ್ಲಿಟ್ಟರೆ ಕಿಂಡಿಯ ಅಗಲ 50 ÷ 2, ಅಂದರೆ 25 ಮಿ.ಮೀ.; 2 ಮಿ.ಮೀ. ಅಂತರವಾದರೆ ಒಂದು ದಿಕ್ಕಿಗೆ ಹನ್ನೆರಡರಷ್ಟು ಗೆರೆಗಳು ಕೆಲಸ ಮಾಡುತ್ತವೆ. 24 ಮಿ.ಮೀ. ಲೆನ್ಸನ್ನು ಎಫ್/16ಕ್ಕೆ ತಂದರೆ ಕಿಂಡಿ ಬರೀ 1.5 ಮಿ.ಮೀ. ಅಲ್ಲಿ ಒಂದು ಗೆರೆ ಸಿಕ್ಕರೂ ಸಿಕ್ಕೀತು, ಸಿಗದೆಯೂ ಹೋದೀತು. ಒಂದೇ ಚಿತ್ರದಲ್ಲಿ ಒಂದು ದೀಪಕ್ಕೆ ದೊಡ್ಡ ನಕ್ಷತ್ರ, ಪಕ್ಕದ್ದಕ್ಕೆ ಅರೆಬರೆ ಬಂದರೆ ಫಿಲ್ಟರ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ, ಕಾರಣ ಇದೇ. ಇದರ ಮೇಲೆ, ಅಷ್ಟು ಕಿರಿದಾದಾಗ ಕಿಂಡಿಯನ್ನು ಕಿರಿದಾಗಿಸುವ ಅಪರ್ಚರ್ ಬ್ಲೇಡುಗಳೇ ತಮ್ಮದೊಂದು ನಕ್ಷತ್ರ ಮೂಡಿಸುತ್ತವೆ: 8 ಬ್ಲೇಡಿಗೆ 8 ಕಿರಣ, 9 ಬ್ಲೇಡಿಗೆ 18. ಎರಡೂ ಬೆರೆತರೆ ಮುಳ್ಳುಹಂದಿ. ಎಫ್/2.8ರಿಂದ ಎಫ್/5.6ರೊಳಗೆ ಇದ್ದುಬಿಡುವುದು ಕ್ಷೇಮ. ಎಫ್/16ರಲ್ಲೇ ತೆಗೆಯುವವರಿಗೆ ಈ ಫಿಲ್ಟರೇ ಬೇಡ.

ನಕ್ಷತ್ರ ಬರಲೇ ಇಲ್ಲ ಎಂಬ ದೂರಿನಲ್ಲಿ ತಪ್ಪು ಹೆಚ್ಚಾಗಿ ದೀಪದ್ದು. ಬೆಳಕು ಚುಕ್ಕಿಯಷ್ಟಿರಬೇಕು, ಸುತ್ತ ಕತ್ತಲಿರಬೇಕು. ಮೇಣದಬತ್ತಿ, ಸೀರಿಯಲ್ ಲೈಟ್, ನೀರಿನ ಮೇಲಿನ ಬಿಸಿಲ ಮಿಂಚು, ಒಡವೆಯ ಹರಳು ಇವೆಲ್ಲ ಸೈ. ಟ್ಯೂಬ್‌ಲೈಟ್, ಕಿಟಕಿ, ಸಾಫ್ಟ್‌ಬಾಕ್ಸ್ ಮುಂದೆ ಬರುವುದು ಮಬ್ಬು ಮಾತ್ರ. ದೀಪದ ಮೇಲೆ ಫೋಕಸ್ ಇಲ್ಲದಿದ್ದರೂ ಕಿರಣ ಹರಡಿಹೋಗುತ್ತದೆ. ಫಿಲ್ಟರ್ ಬೆಳಕನ್ನು ಹೆಚ್ಚೇನೂ ನುಂಗದು, ಆದ್ದರಿಂದ ಎಕ್ಸ್‌ಪೋಷರ್ ಏರಿಸಬೇಕಿಲ್ಲ. ಕಿರಣ ತೀರ ಉದ್ದವೆನಿಸಿದರೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಇಳಿಸಿ ನೋಡಿ, ಮೊಟಕಾಗುತ್ತದೆ.

ತಿರುಗುವ ಉಂಗುರವಿಲ್ಲದ ಫಿಲ್ಟರ್ ಬೇಡವೇ ಬೇಡ. ನಾಲ್ಕು ಕಿರಣ ನೆಟ್ಟಗೆ ಕೂಡಿಸುವ ಚಿಹ್ನೆಯಂತೆ ನಿಂತರೆ ಅಡ್ಡ ಕಿರಣ ದಿಗಂತದ ಗೆರೆಯಲ್ಲಿ ಕಳೆದುಹೋಗುತ್ತದೆ. 30ರಿಂದ 45 ಡಿಗ್ರಿ ವಾಲಿಸಿದರೆ ಜೀವ ಬರುತ್ತದೆ. ಕೆಳಗೆ ಯುವಿ ಫಿಲ್ಟರ್ ಇದ್ದರೆ ಮೊದಲು ಬಿಚ್ಚಿ, ಇಲ್ಲದಿದ್ದರೆ ಜೋರು ದೀಪದ ಪ್ರತಿಬಿಂಬ ಚೌಕಟ್ಟಿನ ಇನ್ನೊಂದು ಮೂಲೆಯಲ್ಲಿ ಕೂತಿರುತ್ತದೆ. ಉಂಗುರ ದಪ್ಪವಾದ್ದರಿಂದ ವೈಡ್ ಲೆನ್ಸಿನಲ್ಲಿ ಮೂಲೆಗಳು ಕಪ್ಪಾಗಬಹುದು. 77 ಅಥವಾ 82 ಮಿ.ಮೀ. ವ್ಯಾಸದ ಫಿಲ್ಟರ್ ಕೊಂಡು, ಚಿಕ್ಕ ಲೆನ್ಸಿಗೆ ಅದನ್ನು ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕುವುದು ಜಾಣತನ. ಲೆನ್ಸಿಗೆ ನೆರಳು ಕೊಡುವ ಹುಡ್ ಆಗ ಕೂರುವುದಿಲ್ಲ, ಅಷ್ಟೇ.

ವಿಡಿಯೋದಲ್ಲಿ ಕಿರಣಗಳ ಕೋನ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಕ್ಯಾಮೆರಾ ವಾಲಿದರೆ ದೃಶ್ಯದ ದೀಪಗಂಬ ವಾಲುತ್ತದೆ, ಕಿರಣ ವಾಲುವುದಿಲ್ಲ. ಕೈಯಲ್ಲಿ ಹಿಡಿದು ತೆಗೆದ ಶಾಟ್‌ನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಶಾಟ್ ನಡುವೆ ಉಂಗುರ ತಿರುಗಿಸುವ ಚಪಲ ಎಲ್ಲರಿಗೂ ಬರುತ್ತದೆ, ಆದರೆ ಎಲ್ಲ ನಕ್ಷತ್ರಗಳೂ ಒಟ್ಟಿಗೆ ಗಿರಗಿಟ್ಲೆಯಾಗುತ್ತವೆ. ಹಗಲಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇಬೇಕು. ತಿರುಗಿಸಿ ಬೆಳಕು ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿಯನ್ನು ಸ್ಟಾರ್ ಮೇಲೆ ಹಾಕಿದರೆ ಅದನ್ನು ತಿರುಗಿಸುವಾಗ ನಕ್ಷತ್ರವೂ ತಿರುಗುತ್ತದೆ. ಕೆಳಗೆ ಹಾಕಿದರೆ, ಬಹುತೇಕ ಮಾದರಿಗಳಲ್ಲಿ ಸ್ಟಾರ್ ಕೂರುವುದೇ ಎನ್‌ಡಿಯ ತಿರುಗುವ ಭಾಗದ ಮೇಲೆ, ನಕ್ಷತ್ರ ವಾಲಿಸಲು ಹೋದರೆ ಎಕ್ಸ್‌ಪೋಷರ್ ಜಾರುತ್ತದೆ. ಲೆನ್ಸಿಗೆ ಸ್ಥಿರ ಎನ್‌ಡಿ, ಅದರ ಮುಂದೆ ಸ್ಟಾರ್: ತಲೆನೋವಿಲ್ಲದ ಜೋಡಣೆ ಇದೊಂದೇ. ಮಿನುಗುವ ಎಲ್‌ಇಡಿ ಇದ್ದರೆ ನಕ್ಷತ್ರವಿಡೀ ಮಿನುಗಿ ದೋಷ ಎದ್ದು ಕಾಣುತ್ತದೆ. 50 ಹರ್ಟ್ಸ್ ವಿದ್ಯುತ್ತಿಗೆ ಶಟರ್ 1/50, 60 ಹರ್ಟ್ಸ್‌ಗೆ 1/60 ಇಟ್ಟು ಮೊದಲೇ ಪರೀಕ್ಷಿಸಿ.

ಕೈಜಿಡ್ಡು ಗೆರೆಗಳೊಳಗೆ ಇಳಿದರೆ ಕಿರಣದ ಅಂಚು ಮಂಕಾಗುತ್ತದೆ. ಬಟ್ಟೆಯನ್ನು ಸುತ್ತಿಸುತ್ತಿ ಉಜ್ಜಿದರೆ ಜಿಡ್ಡು ಮೂಲೆಯ ಗೆರೆಗಳಿಗೆ ಹೋಗಿ ಕೂರುತ್ತದೆ. ಮೊದಲು ಬ್ಲೋವರ್‌ನಿಂದ ಧೂಳು ಊದಿ, ದ್ರವವನ್ನು ಗಾಜಿನ ಮೇಲೆ ಸುರಿಯದೆ ಬಟ್ಟೆಗೆ ಎರಡು ಹನಿ ಹಾಕಿಕೊಂಡು, ಗೆರೆಯ ಗುಂಟ ಒಂದು ದಿಕ್ಕು ಮುಗಿಸಿ ಆಮೇಲೆ ಇನ್ನೊಂದನ್ನು ಒರೆಸಿ.